ನರ್ಸಬಾಯಿ ತಿಂದ ವಿಭೂತಿ

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಚಂದ್ರಾಬಾಯಿಯ ಮನೆ. ಹೋದ ವರ್ಷದ ಬೇಸಗೆಯಲ್ಲಿ ಆ ಮನೆಯ ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಗಳು ಸವೆಯತೊಡಗಿದವು. ಹಣೆಗೆ ಹಚ್ಚಿ ಸವೆಯುವ ಹಾಗಲ್ಲ; ಮೂಲೆ ಮುರಿದು, ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದು ಸವೆದಿದ್ದವು. ಸೊಸೆ ಸೌಭಾಗ್ಯ ನೋಡಿ ಇಲಿ ಎಂದಳು. ಮಗ ಸಿದ್ದರಾಮ ಇಲಿಬೋನು ತಂದು, ಭಜಿಯ ತುಂಡೊಂದನ್ನು ಸಿಕ್ಕಿಸಿ ಜಗಲಿಯ ಕೆಳಗಿಟ್ಟ. ನಾಲ್ಕು ದಿನವಾದರೂ ಇಲಿ ಬೀಳಲಿಲ್ಲ. ಭಾನುವಾರ ಅಟ್ಟದ ಸಾಮಾನೆಲ್ಲ ಇಳಿಸಿ, ಗೋಡೆಯ ಸಂದುಗಳಿಗೆ ಸಿಮೆಂಟು ಮೆತ್ತಿದ. ಚಂದ್ರಾಬಾಯಿ ಪಡಸಾಲೆಯ ಮಂಚದ ಮೇಲೆ ಎರಡು ದಿಂಬಿಗೆ ಒರಗಿಕೊಂಡು ಅದನ್ನೆಲ್ಲ ನೋಡುತ್ತಿದ್ದಳು. "ಆ ಮೂಲ್ಯಾಗ ಇನ್ನೊಂದು ಸಂದಿ ಐತಿ ನೋಡಪಾ" ಎಂದು ಬೆರಳು ಮಾಡಿ ತೋರಿಸಿಯೂ ಕೊಟ್ಟಳು.

ವಿಭೂತಿ ತಿನ್ನುತ್ತಿದ್ದವಳು ಆಕೆಯೇ.

ಚಂದ್ರಾಬಾಯಿಗೆ ಆಗ ಅರವತ್ನಾಲ್ಕು ವರ್ಷ. ಮೂವತ್ತನಾಲ್ಕು ವರ್ಷ ಸರಕಾರಿ ಆರೋಗ್ಯ ಇಲಾಖೆಯಲ್ಲಿ ಹಳ್ಳಿಯ ನರ್ಸಾಗಿ ದುಡಿದವಳು. ಮೊದಲ ಹದಿನಾರು ವರ್ಷ ತಿಕೋಟಾ ಕಡೆಯ ಬಿಜ್ಜರಗಿಯಲ್ಲಿ, ಆಮೇಲೆ ಬಬಲೇಶ್ವರದಲ್ಲಿ. ಊರವರಿಗೆ ಆಕೆ ನರ್ಸಬಾಯಿ. ಆಕೆಯ ದನಿ ಓಣಿಯ ತುದಿಯಲ್ಲಿ ಕೇಳಿಸಿತೆಂದರೆ ಕೂಸಿಗೆ ಲಸಿಕೆ ಹಾಕಿಸದ ತಾಯಂದಿರು ಹಿತ್ತಲ ಬಾಗಿಲಿಂದ ಹೊರಬೀಳುತ್ತಿದ್ದರು. ರಕ್ತ ಹೆಚ್ಚಲು ಬಸುರಿಯರಿಗೂ ಶಾಲೆಯ ಹುಡುಗಿಯರಿಗೂ ಕೊಡುವ ಕೆಂಪು ಗುಳಿಗೆಯನ್ನು ಆಕೆ ಕೈಗೆ ಕೊಟ್ಟು ಕಳಿಸಿದವಳಲ್ಲ. ತನ್ನೆದುರೇ ನುಂಗಿಸಿ, "ಬಾಯಿ ತಗಿ, ನಾಲಗಿ ಎತ್ತು" ಎಂದು ನೋಡಿಯೇ ಬಿಡುತ್ತಿದ್ದಳು. ಮೇಲಧಿಕಾರಿಗಳು ಎರಡು ಸಲ ಶಾಲು ಹೊದಿಸಿದ್ದರು. ಆ ಶಾಲುಗಳು ಟ್ರಂಕಿನಲ್ಲಿ ಈಗಲೂ ಇವೆ.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಆಕೆಗೆ ದಮ್ಮು ಹತ್ತತೊಡಗಿತು. ಕಾಲು ಬಾತವು. ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರಬೇಕಾಯಿತು. ಎದೆಯ ಸ್ಕ್ಯಾನ್ ಮಾಡಿದ ಡಾಕ್ಟರು, ಹೃದಯ ಹಿಗ್ಗಿದೆ, ರಕ್ತ ಒತ್ತಿ ಕಳಿಸುವ ಬಲ ಅರ್ಧಕ್ಕೆ ಇಳಿದಿದೆ ಎಂದರು. ಗುಳಿಗೆ ಬರೆದರು, ಉಪ್ಪು ಕಡಿಮೆ ಮಾಡಿಸಿದರು, ನೀರಿಗೂ ಅಳತೆ ಹೇಳಿದರು. ಬಾವು ಇಳಿಯಿತು, ಮಲಗಿದರೆ ನಿದ್ದೆಯೂ ಬರತೊಡಗಿತು. ಆದರೆ ಮೈಗೆ ಕಸುವು ಮಾತ್ರ ಬರಲಿಲ್ಲ. ಮಾಳಿಗೆಗೆ ಹದಿನಾಲ್ಕು ಮೆಟ್ಟಿಲು, ಆರನೆಯದಕ್ಕೆ ಕೂತುಬಿಡುತ್ತಿದ್ದಳು. ಎರಡು ರೊಟ್ಟಿ ಬಡಿಯುವುದರೊಳಗೆ ತೋಳು ಸೋಲುತ್ತಿತ್ತು. ಅಡುಗೆ, ನೀರು, ಬಟ್ಟೆ ಎಲ್ಲ ಸೌಭಾಗ್ಯಳ ಮೇಲೆ ಬಿತ್ತು.

ಚಂದ್ರಾಬಾಯಿ ತನ್ನ ಕಾಲದಲ್ಲಿ ಎಷ್ಟೋ ಹೆಂಗಸರಿಗೆ ಮೈಗಳ್ಳಿ ಎಂದವಳು. ಈಗ ಹಗಲೆಲ್ಲ ಮಂಚದ ಮೇಲಿರುವ ತನಗೂ ಜನ ಅದನ್ನೇ ಅನ್ನುತ್ತಾರೆಂದು ಆಕೆಗೆ ಖಾತ್ರಿಯಿತ್ತು. ನೆರೆಮನೆಯವರ ದನಿ ಕೇಳಿದರೆ ಪಕ್ಕದಲ್ಲಿದ್ದ ಅಕ್ಕಿಯ ಮೊರ ತೊಡೆಯ ಮೇಲಿಟ್ಟುಕೊಂಡು ಹಸನು ಮಾಡುವವಳಂತೆ ಕೂರುತ್ತಿದ್ದಳು. ಆ ಅಕ್ಕಿ ಹಸನಾಗಿ ಎಷ್ಟೋ ದಿನವಾಗಿತ್ತು.

ರಕ್ತ ಕಡಿಮೆಯಾಗಿರಬಹುದೆಂಬ ಗುಮಾನಿ ಆಕೆಗೂ ಬಂದಿತ್ತು. ತಾನೇ ಲ್ಯಾಬಿಗೆ ಹೋಗಿ ಪರೀಕ್ಷೆ ಮಾಡಿಸಿದಳು. ಹಿಮೋಗ್ಲೋಬಿನ್ ಹನ್ನೊಂದು ಪಾಯಿಂಟ್ ಒಂಬತ್ತು ಬಂತು. ಹನ್ನೊಂದರ ಮೇಲಿದ್ದರೆ ಚಿಂತೆಯಿಲ್ಲ ಎಂದು ಸಾವಿರಾರು ಬಸುರಿಯರಿಗೆ ಹೇಳಿದವಳು ತನಗೂ ಅದನ್ನೇ ಹೇಳಿಕೊಂಡಳು. ಆದರೂ ಇರಲಿ ಎಂದು ಯಾರನ್ನೂ ಕೇಳದೆ ಕೆಂಪು ಗುಳಿಗೆ ತರಿಸಿ ಎಂಟು ತಿಂಗಳು ನುಂಗಿದಳು. ಹೊಟ್ಟೆ ಕಟ್ಟಿತು, ಮಲ ಕರ್ರಗಾಯಿತು, ಅಷ್ಟೇ.

ಹಾಳು ಚಟ ಶುರುವಾದದ್ದು ಅದರ ನಡುವೆ. ಒಂದು ದಿನ ಮುಂಜಾನೆ ತುಳಸಿಗೆ ನೀರು ಹಾಕುವಾಗ ನೆಂದ ಮಣ್ಣಿನ ವಾಸನೆಗೆ ಆಕೆಯ ಬಾಯಲ್ಲಿ ನೀರೂರಿತು. ಬಸುರಿದ್ದಾಗ ಹುಣಸೆಕಾಯಿ ಕಂಡರೆ ಊರುತ್ತಿತ್ತಲ್ಲ, ಹಾಗೆ. ಆಕೆ ಬೆಚ್ಚಿ ತಂಬಿಗೆ ಕೆಳಗಿಟ್ಟು ಒಳಗೆ ಬಂದಳು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಕಡಲೆಕಾಳಿನಷ್ಟು ಮಣ್ಣು ನಾಲಗೆಯ ಮೇಲಿಟ್ಟುಕೊಂಡಳು. ಮಣ್ಣಿನಲ್ಲಿ ಜಂತು ಇರುತ್ತವೆ ಎಂಬುದು ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ವಿಭೂತಿಗೆ ಬಂದಳು. ವಿಭೂತಿ ಸ್ವಚ್ಛ, ದೇವರದು, ಪ್ರಸಾದವೆಂದುಕೊಂಡರಾಯಿತು. ಗುಡಿಯ ಹತ್ತಿರದ ಅಂಗಡಿಯಲ್ಲಿ, "ಬೀಗರ ಮನಿಗೆ ಕಳಸೂದೈತಿ" ಎಂದು ಸುಳ್ಳು ಹೇಳಿ ಡಜನ್ ಗಟ್ಟಿ ತಂದು ಟ್ರಂಕಿನಲ್ಲಿ ಬಚ್ಚಿಟ್ಟಳು. ಅವು ಮುಗಿದಾಗ ಜಗಲಿಗೆ ಕೈ ಹೋಯಿತು.

ಸಿಕ್ಕಿಬಿದ್ದದ್ದು ಶ್ರಾವಣದ ಸೋಮವಾರ. ಗುಡಿಗೆ ಹೋದ ಸೌಭಾಗ್ಯ ಬೇಗ ತಿರುಗಿ ಬಂದಳು. ಅತ್ತೆ ಜಗಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ತುಟಿ, ಗದ್ದ, ಸೆರಗಿನ ಅಂಚು ಎಲ್ಲ ಬೆಳ್ಳಗೆ. ಬಾಯಲ್ಲಿ ಇನ್ನೂ ಕರಕರ ಸದ್ದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಂಗಳದಲ್ಲಿ ಸಿದ್ದರಾಮನ ಗಾಡಿ ನಿಂತ ಸದ್ದಾಯಿತು.

"ಬಾಯಿ ಒರಸ್ಕೋರಿ ಅತ್ಯಾರ" ಎಂದಳು ಸೌಭಾಗ್ಯ ಮೆಲ್ಲಗೆ. "ನಿಮ್ಮ ಮಗ ಬರಾಕತ್ತಾರ."

ಆ ಸಂಜೆ ಸೌಭಾಗ್ಯ ತಾನೇ ಇಲಿಬೋನು ಎತ್ತಿ ಅಟ್ಟಕ್ಕೆ ಹಾಕಿದಳು. ಗಂಡ ಕೇಳಿದ್ದಕ್ಕೆ, "ಇಲಿ ಹೋತ ಬಿಡ್ರಿ" ಎಂದಳು. ಮಂಚದ ಮೇಲಿದ್ದ ಚಂದ್ರಾಬಾಯಿ ಗೋಡೆಯ ಕಡೆ ಮಗ್ಗುಲಾದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಬೈಗುಳಕ್ಕೆ ಆಕೆಯ ಬಳಿ ಉತ್ತರಗಳಿದ್ದವು. ಸೊಸೆ ತನ್ನ ಮಾನ ಕಾಯ್ದಳೆಂಬುದನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮೂರು ದಿನ ಆಕೆಯ ಮುಖ ನೋಡದೆ ತಾಟು ತೆಗೆದುಕೊಂಡಳು.

ನಾಲ್ಕನೆಯ ದಿನ ಸೌಭಾಗ್ಯಳೇ ಮಾತು ತೆಗೆದಳು. "ನಾಳೆ ದವಾಖಾನಿಗೆ ಹೋಗೂನ್ರಿ. ಹೊಸಾ ಡಾಕ್ಟರ್ ಬಂದಾರಂತ, ಹಾರ್ಟಿನವರು. ಹೆಣ್ಣಮಗಳ ಅದಾರ."

"ಹೋದ ತಿಂಗಳ ತೋರಿಸೇವಲ್ಲ?"

"ಇದನ್ನ ತೋರಿಸಿಲ್ಲರಿ. ನೀವ ಹೇಳ್ತೀರೋ, ನಾ ಹೇಳ್ಲೋ?"

ಹೊಸ ಡಾಕ್ಟರ ಹೆಸರು ಹೀನಾ. ಮೂವತ್ತೈದರ ಆಸುಪಾಸು, ವಿಜಯಪುರದಲ್ಲೇ ಹುಟ್ಟಿ ಬೆಳೆದವರು. ಹಳೆಯ ಕಾಗದಗಳನ್ನೆಲ್ಲ ಒಂದೊಂದಾಗಿ ತಿರುವಿ ಹಾಕಿದರು. ಚಂದ್ರಾಬಾಯಿ ತಾನು ಯಾರು, ಎಷ್ಟು ವರ್ಷ ಇಲಾಖೆಯಲ್ಲಿದ್ದೆ ಎಂಬುದನ್ನೆಲ್ಲ ಹೇಳಿದಳು. ದಣಿವಿನ ಬಗ್ಗೆ ಹೇಳಿದಳು. ಅಲ್ಲಿಗೆ ನಿಲ್ಲಿಸಿದಳು. ಸೌಭಾಗ್ಯ ಕೆಮ್ಮಿದಳು.

"ವಿಭೂತಿ ತಿಂತೇನಿ" ಎಂದಳು ಚಂದ್ರಾಬಾಯಿ ಕಡೆಗೆ, ಮೇಜಿನ ಕಾಲಿಗೆ ಹೇಳುವವಳಂತೆ.

ಡಾಕ್ಟರು ನಗಲಿಲ್ಲ, ಹುಬ್ಬೂ ಏರಿಸಲಿಲ್ಲ. ಜ್ವರ ಎಷ್ಟು ದಿನದಿಂದ ಎಂದು ಕೇಳುವ ಹಾಗೆಯೇ ಕೇಳಿದರು. "ಎಷ್ಟು ತಿಂಗಳಾತ್ರಿ ಅಮ್ಮಾ? ಹಸಿ ಅಕ್ಕಿ ತಿನಬೇಕು ಅನಸ್ತದ? ಐಸಿನ ಬರ್ಫ? ಮಣ್ಣು?"

"ಮಣ್ಣೂ ತಿಂದೇನಿ."

"ಆಗ್ತದ್ರಿ. ಭಾಳ ಮಂದಿಗೆ ಆಗ್ತದ. ಹೇಳೂದಿಲ್ಲ ಅಷ್ಟ. ನೀವು ಹೇಳಿದ್ದು ಚಲೋ ಆತು."

ಚಂದ್ರಾಬಾಯಿಯ ಕಿವಿ ಕಾದವು. ಮಣ್ಣು ತಿನ್ನುವ ಒಬ್ಬಳನ್ನು ತಾನೂ ಒಮ್ಮೆ ವಿಚಾರಿಸಿದ್ದಳು. ಹೀಗೆ ವಿಚಾರಿಸಿರಲಿಲ್ಲ. ಆ ನೆನಪನ್ನು ಹಿಂದಕ್ಕೆ ತಳ್ಳಿ ಡಾಕ್ಟರ ಮುಂದಿನ ಪ್ರಶ್ನೆಗೆ ಕಿವಿಗೊಟ್ಟಳು. ಅದು ಇನ್ನೂ ಕಠಿಣವಾಗಿತ್ತು: ನೋವಿನ ಗುಳಿಗೆ ಏನಾದರೂ ತೆಗೆದುಕೊಳ್ಳುತ್ತೀರಾ?

ತೆಗೆದುಕೊಳ್ಳುತ್ತಿದ್ದಳು. ಮೊಣಕಾಲಿಗೆಂದು ಎರಡು ವರ್ಷದಿಂದ ದಿನಕ್ಕೊಂದು, ಒಮ್ಮೊಮ್ಮೆ ಎರಡು. ಚೀಟಿ ಇಲ್ಲದೆ, ನರ್ಸಬಾಯಿ ಎಂಬ ಹೆಸರಿನ ಮೇಲೆ ಅಂಗಡಿಯವನಿಂದ ತರಿಸಿ. ಸೌಭಾಗ್ಯಳಿಗೂ ಅದು ಗೊತ್ತಿರಲಿಲ್ಲ. ಆ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ಹನಿಹನಿ ರಕ್ತ ಸೋರಿಸಬಲ್ಲದು, ಹೃದಯ ಸೋತವರಿಗೆ ಮೈಯಲ್ಲಿ ನೀರು ನಿಲ್ಲಿಸಬಲ್ಲದು ಎಂದರು ಡಾಕ್ಟರು. ಮಲ ಕಪ್ಪಾದದ್ದನ್ನು ಆಕೆ ಕೆಂಪು ಗುಳಿಗೆಯ ಲೆಕ್ಕಕ್ಕೆ ಹಾಕಿ ಸುಮ್ಮನಿದ್ದಳಲ್ಲ, ಅದರಲ್ಲಿ ರಕ್ತವೂ ಇದ್ದಿರಬಹುದು.

ರಕ್ತ ಪರೀಕ್ಷೆಯ ಕಾಗದ ಮರುದಿನ ಬಂತು. ಚಂದ್ರಾಬಾಯಿ ಕನ್ನಡಕ ಏರಿಸಿ ತಾನೇ ಓದಿದಳು. ಫೆರಿಟಿನ್ ಇಪ್ಪತ್ತೆಂಟು. ಪಕ್ಕದಲ್ಲಿ ಹದಿಮೂರರಿಂದ ನೂರೈವತ್ತರವರೆಗೆ ಸರಿ ಎಂದು ಅಚ್ಚಾಗಿತ್ತು. "ಇದ ನಾರ್ಮಲ್ ಐತೆಲ್ಲರಿ?" ಎಂದಳು. ದನಿಯಲ್ಲಿ ಹಳೆಯ ನರ್ಸಬಾಯಿ ಒಂದು ಗಳಿಗೆ ತಲೆಯೆತ್ತಿದ್ದಳು.

"ಆರಾಮಿದ್ದವರಿಗೆ ನಾರ್ಮಲ್ ರಿ. ಹೃದಯ ಸೋತವರಿಗೆ ನೂರರ ಕೆಳಗ ಇದ್ರ ಕಮ್ಮೀನ" ಎಂದರು ಹೀನಾ. "ಹಿಮೋಗ್ಲೋಬಿನ್ ಅಂದ್ರ ಬುಟ್ಟ್ಯಾಗಿನ ರೊಟ್ಟಿ. ಫೆರಿಟಿನ್ ಅಂದ್ರ ನೆಲದಾಗಿನ ಹಗೇವಿನ್ಯಾಗ ಕೂಡಿಟ್ಟ ಜ್ವಾಳ. ಬುಟ್ಟ್ಯಾಗ ರೊಟ್ಟಿ ಅದ ಅಂತ ನೀವು ನಿಶ್ಚಿಂತಿ ಇದ್ರಿ. ಹಗೇವು ಬರಿದಾಗಿತ್ತು. ಕಬ್ಬಿಣ ಬರೇ ರಕ್ತಕ್ಕ ಅಲ್ಲರಿ, ಹೃದಯದ ಮಾಂಸಕ್ಕೂ ಬೇಕು, ಕೈಕಾಲಿಗೂ ಬೇಕು. ಅದಿಲ್ಲದ ಅವು ಶಕ್ತಿ ಹುಟ್ಟಿಸೂದಿಲ್ಲ."

"ನಾ ಎಂಟ ತಿಂಗಳ ಗುಳಿಗಿ ನುಂಗೇನ್ರಿ."

"ಈ ರೋಗದಾಗ ಕರುಳಿಗೂ ಬಾವು ಇರ್ತದ. ಮ್ಯಾಲ ಲಿವರಿನಿಂದ ಒಂದು ರಸ ಬಂದು ಕಬ್ಬಿಣ ಒಳಗ ಬರೂ ಬಾಗಿಲಾನ ಮುಚ್ಚತದ. ಬಾಯಿಲೆ ನುಂಗಿದ್ದು ಹಂಗ ಹೊರಗ ಹೋಗ್ತದ. ನರಕ್ಕ ಹಚ್ಚಿ ಕೊಡಬೇಕಾಗ್ತದ."

ಮೂವತ್ತನಾಲ್ಕು ವರ್ಷ ನುಂಗಿಸಿದ ಗುಳಿಗೆ ತನಗೆ ನಾಟುವುದಿಲ್ಲ ಎಂಬುದು ಚಂದ್ರಾಬಾಯಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಇನ್ನೆಷ್ಟಿದೆಯೋ ಎಂಬ ಅಂಜಿಕೆ ಮೊದಲ ಸಲ ಹುಟ್ಟಿತು.

ಹೊಟ್ಟೆಗೆ ಕ್ಯಾಮೆರಾ ಬಿಟ್ಟು ನೋಡಿದಾಗ ಸಣ್ಣದೊಂದು ಹುಣ್ಣು ಕಂಡಿತು. ನೋವಿನ ಗುಳಿಗೆ ಬಿಡಿಸಿ ಅದಕ್ಕೆ ಔಷಧ ಕೊಟ್ಟರು. ಮುಂದಿನ ವಾರ ಆಸ್ಪತ್ರೆಯ ಹಗಲು ವಾರ್ಡಿನಲ್ಲಿ ಆಕೆಯನ್ನು ಮಲಗಿಸಿ, ಚಹಾದ ಡಿಕಾಕ್ಷನ್ನಿನಂಥ ಕಂದು ಔಷಧವನ್ನು ಸಲೈನಿನಲ್ಲಿ ಬೆರೆಸಿ ಕೈಗೆ ಹಚ್ಚಿದರು. ಅರ್ಧ ತಾಸಿನ ಕೆಲಸ. ನರ್ಸು ನಡುನಡುವೆ ಬಂದು, ಮೈ ಕಡಿತ ಇದೆಯೇ, ಎದೆ ಬಿಗಿಯಾಗುತ್ತಿದೆಯೇ ಎಂದು ವಿಚಾರಿಸುತ್ತಿದ್ದಳು. ಚಂದ್ರಾಬಾಯಿ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಹಿಂದಕ್ಕೆ ತಳ್ಳಿದ್ದ ನೆನಪು ಆ ಅರ್ಧ ತಾಸಿನಲ್ಲಿ ಎದ್ದು ಬಂತು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಬಿಜ್ಜರಗಿಯ ಆರೋಗ್ಯ ಉಪಕೇಂದ್ರ. ಗುರುವಾರ, ಲಸಿಕೆಯ ದಿನ. ಮೂವತ್ತು ಹೆಂಗಸರು ಅಂಗಳದಲ್ಲಿ ಕೂತಿದ್ದರು. ಅವರ ನಡುವೆ ಕುರಿ ಕಾಯುವ ಬೀರಣ್ಣನ ಹೆಂಡತಿ ಶಂಕ್ರೆವ್ವ, ಇಪ್ಪತ್ತರ ಹುಡುಗಿ, ಐದು ತಿಂಗಳ ಬಸುರಿ. ಆಕೆಯ ತುಟಿಯ ಮೂಲೆಯಲ್ಲಿ ಮಣ್ಣು ಮೆತ್ತಿತ್ತು. ಚಂದ್ರಾಬಾಯಿ ಆಕೆಯನ್ನು ಎಬ್ಬಿಸಿ ಎಲ್ಲರೆದುರು ನಿಲ್ಲಿಸಿದಳು. ಬಾಯಿ ತೆಗೆಸಿದಳು. ಬಿಗಿಹಿಡಿದಿದ್ದ ಮುಷ್ಟಿ ಬಿಡಿಸಿದಳು. ಗೋಡೆಯಿಂದ ಕಿತ್ತ ಮಣ್ಣಿನ ಹೆಂಟೆ ಕೆಳಗೆ ಬಿತ್ತು.

"ನೋಡ್ರಿ, ಈಕಿ ಮನಿ ಗ್ವಾಡಿ ತಿನ್ನಾಕತ್ತಾಳ! ಮನಶ್ಯಾಳೋ, ಹಂದ್ಯೋ?"

ಅಂಗಳವೆಲ್ಲ ನಕ್ಕಿತು. ಚಂದ್ರಾಬಾಯಿಯೂ ನಕ್ಕಳು. ಅವಮಾನವಾದರೆ ಚಟ ಬಿಡುತ್ತಾಳೆ ಎಂಬುದು ಆಕೆಯ ಲೆಕ್ಕಾಚಾರ. ಅಂದಿನಿಂದ ಊರಿನಲ್ಲಿ ಆ ಹುಡುಗಿಗೆ ಮಣ್ಣ ಶಂಕ್ರಿ ಎಂದು ಹೆಸರಾಯಿತು. ಆಕೆ ಉಪಕೇಂದ್ರಕ್ಕೆ ಮತ್ತೆ ಕಾಲಿಡಲಿಲ್ಲ. ಗುಳಿಗೆ ಒಯ್ಯಲಿಲ್ಲ. ಚಂದ್ರಾಬಾಯಿ ಎರಡು ಸಲ ಹೇಳಿ ಕಳಿಸಿದಳು, ತಾನು ಹೋಗಲಿಲ್ಲ. ಹೆರಿಗೆ ಮನೆಯಲ್ಲೇ ಆಯಿತು. ರಕ್ತ ನಿಲ್ಲದೆ ಜೀಪಿನಲ್ಲಿ ವಿಜಯಪುರಕ್ಕೆ ಹೊತ್ತು ತಂದರು. ಶಂಕ್ರೆವ್ವ ಉಳಿದಳು. ಕೂಸು ಒಂದೇ ದಿನ ಬದುಕಿತು. ಚಂದ್ರಾಬಾಯಿ ಇಲಾಖೆಯ ಪುಸ್ತಕದಲ್ಲಿ, 'ತಪಾಸಣೆಗೆ ಬಂದಿರುವುದಿಲ್ಲ' ಎಂದು ಬರೆದು ರುಜು ಹಾಕಿದಳು. ಆ ವಾಕ್ಯ ಸುಳ್ಳಲ್ಲ. ಅದಕ್ಕೇ ಇಷ್ಟು ವರ್ಷ ಅದರ ಆಸರೆಯಲ್ಲಿ ಇರಲು ಸಾಧ್ಯವಾಗಿತ್ತು.

ಬಾಟಲಿ ಖಾಲಿಯಾಗಿ ನರ್ಸು ಸೂಜಿ ತೆಗೆದಾಗ ಆಕೆ ಅಳುತ್ತಿದ್ದಳು. "ನೂಸತೈತೇನ್ರಿ?" ಎಂದಳು ನರ್ಸು. ಹೌದೆಂದಳು.

ಎರಡು ವಾರಕ್ಕೆ ವಿಭೂತಿಯ ಆಸೆ ಹೋಯಿತು. ಯಾರೋ ದೀಪ ಆರಿಸಿದ ಹಾಗೆ ಹೋಯಿತು. ಜಗಲಿಯ ಮುಂದೆ ನಿಂತರೆ ಅದು ಬರೀ ಬೂದಿ. ಕಸುವು ಬರಲು ತಡವಾಯಿತು. ಒಂದು ತಿಂಗಳಿಗೆ ಮಾಳಿಗೆಯ ಒಂಬತ್ತನೆಯ ಮೆಟ್ಟಿಲು ಮುಟ್ಟಿದಳು. ಆರು ವಾರಕ್ಕೆ ಇನ್ನೊಂದು ಬಾಟಲಿ ಹಚ್ಚಿದರು. ಹೀನಾ ಡಾಕ್ಟರು ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ದೂರ ಅಳೆದರು. ಬಾಟಲಿ ಹಚ್ಚುವ ಮೊದಲು ನಡೆಸಿದ್ದಕ್ಕಿಂತ ಎಂಬತ್ತು ಮೀಟರು ಹೆಚ್ಚಾಗಿತ್ತು. "ಹೃದಯ ಪೂರಾ ರಿಪೇರಿ ಆಗಿಲ್ಲರಿ, ಆಗೂದೂ ಇಲ್ಲ. ಆದ್ರ ನಿಮ್ಮ ದಿನಾ ಚಲೋ ಹೋಗ್ತಾವ" ಎಂದರು. ಸೌಭಾಗ್ಯಳ ಮುಖ ಅರಳಿತು. ಚಂದ್ರಾಬಾಯಿಗೆ ಸಂತೋಷಪಡಲು ಆಗಲಿಲ್ಲ. ಹೆಸರಿಡಬಹುದಾದ, ಔಷಧವಿರುವ ಒಂದು ಕೊರತೆಗೆ ತಾನು ಹಂದಿ ಎಂದಿದ್ದೆ ಎಂಬುದು ಮೈಗೆ ಬಲ ಬಂದಷ್ಟೂ ನಿಚ್ಚಳವಾಗುತ್ತಿತ್ತು. ದಣಿವಿದ್ದಾಗ ಮಲಗಿಯಾದರೂ ತಪ್ಪಿಸಿಕೊಳ್ಳಬಹುದಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಮಂಗಳವಾರ ಸೊಸೆಯನ್ನು ಕರೆದುಕೊಂಡು ಹೊರಟಳು. ಬಿಜ್ಜರಗಿಯಲ್ಲಿ ಒಬ್ಬರನ್ನು ನೋಡಬೇಕು ಎಂದಷ್ಟೇ ಹೇಳಿದ್ದಳು. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಇಬ್ಬರೂ ಉಚಿತ ಟಿಕೇಟು ಪಡೆದರು. ತಿಕೋಟಾ ಹತ್ತಿರವಾಗುತ್ತಿದ್ದಂತೆ ಚಂದ್ರಾಬಾಯಿ ಶಂಕ್ರೆವ್ವನ ಕಥೆಯನ್ನು ಒಂದೂ ಬಿಡದೆ ಹೇಳಿದಳು. ಸೌಭಾಗ್ಯ ಕಿಟಕಿಯ ಹೊರಗೆ ದ್ರಾಕ್ಷಿ ತೋಟಗಳನ್ನು ನೋಡುತ್ತ ಕೇಳಿದಳು. ಕೇಳಿ ಮುಗಿದ ಮೇಲೆ ಅಂದಳು:

"ನಾ ಬಸರಿದ್ದಾಗ ನನ್ನ ಬಾಯೂ ತಗಿಸಿದ್ರಿ ನೀವು. ನಮ್ಮ ತವರವರು ಬಂದು ಕುಂತಿದ್ರು."

ಚಂದ್ರಾಬಾಯಿಗೆ ಅದು ನೆನಪೇ ಇರಲಿಲ್ಲ. ನೆನಪಿಲ್ಲದ್ದೇ ಆಕೆಯನ್ನು ಹೆಚ್ಚು ಕುಗ್ಗಿಸಿತು. ಸೊಸೆಯ ಕೈ ಹಿಡಿಯಬೇಕೆನಿಸಿತು, ಧೈರ್ಯವಾಗಲಿಲ್ಲ. ಬಸ್ಸಿಳಿಯುವಾಗ ಸೌಭಾಗ್ಯ ಎಂದಿನಂತೆ ಅತ್ತೆಯ ಚೀಲ ತಾನು ತೆಗೆದುಕೊಂಡಳು.

ಶಂಕ್ರೆವ್ವನ ಮನೆ ಊರ ಹೊರಗೆ, ಒಣ ಹೊಲದ ಅಂಚಿನಲ್ಲಿ. ಆಡುಗಳನ್ನು ಬೇವಿನ ಮರಕ್ಕೆ ಕಟ್ಟಿ ಮೇವು ಹಾಕುತ್ತಿದ್ದಳು. ನಲವತ್ತು ದಾಟಿದ, ಬಿರುಸು ಮೈಕಟ್ಟಿನ ಹೆಂಗಸು. ತಲೆಯೆತ್ತಿ ನೋಡಿದವಳು ಗುರುತು ಹಿಡಿಯಲು ಒಂದು ಗಳಿಗೆಯೂ ತೆಗೆದುಕೊಳ್ಳಲಿಲ್ಲ.

"ನರ್ಸಬಾಯಾರು" ಎಂದಳು. ಬನ್ನಿ ಅನ್ನಲಿಲ್ಲ. ಒಳಗಿಂದ ಬಂದ ಬೀರಣ್ಣನೇ, "ಬರ್ರಿ, ಬರ್ರಿ, ಎಷ್ಟ ವರ್ಷಾತ್ರಿ" ಎಂದು ಕಂಬಳಿ ಹಾಸಿದ.

ಚಂದ್ರಾಬಾಯಿ ಕೂತಳು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ. "ಶಂಕ್ರೆವ್ವಾ, ನಾನೂ ತಿಂದ್ನಿ" ಎಂದುಬಿಟ್ಟಳು. "ಮಣ್ಣ ತಿಂದ್ನಿ. ನಾಕೈದ ತಿಂಗಳ ವಿಭೂತಿ ತಿಂದ್ನಿ, ಮನ್ಯಾಗ ಕದ್ದು. ಅದು ಚಟ ಅಲ್ಲಂತ, ರೋಗಂತ. ಮೈಯಾಗ ಕಬ್ಬಿಣ ಇಲ್ದಕ್ಕ ಹಂಗ ಆಗೂದಂತ. ನಿನಗೂ ಅದ ಆಗಿತ್ತು. ನನಗ ತಿಳೀಲಿಲ್ಲ."

ಶಂಕ್ರೆವ್ವ ಮೇವಿನ ಕಂತೆ ಬಿಚ್ಚುವುದನ್ನು ನಿಲ್ಲಿಸಲಿಲ್ಲ. "ಈಗ ಆರಾಮ ಆಗೇತೇನ್ರಿ?"

"ಆಗೇತಿ. ಕೈಗೆ ಸಲೈನ್ ಹಚ್ಚಿ ಔಷಧ ಕೊಟ್ರು."

"ನಿಮಗ ಔಷಧ ಕೊಟ್ರು. ನನಗ ನೀವು ಹೆಸರ ಕೊಟ್ರಿ."

ಬೀರಣ್ಣ ಎದ್ದು ನಿಂತ. "ಏ, ಹ್ವಾದದ್ದು ಹೋತು ಬಿಡ. ಮನಿಗೆ ಬಂದಾರ."

"ನೀ ಸುಮ್ಕಿರು" ಎಂದಳು ಶಂಕ್ರೆವ್ವ. ಅವಳ ದನಿ ಏರಲಿಲ್ಲ. "ನನ್ನ ಸೊಸಿ ಬಂದ ಮೂರ ದಿನಕ್ಕ ಯಾರೋ ಆಕಿಗೆ ಹೇಳಿದ್ರು, ನಿಮ್ಮತ್ತಿ ಹೆಸರ ಇದು ಅಂತ. ನಾ ಒಳಗ ಜ್ವಾಳ ಬೀಸಾಕತ್ತಿದ್ನಿ, ಎಲ್ಲಾ ಕೇಳಸ್ತು."

"ನನ್ನಿಂದ ತಪ್ಪಾತವ್ವಾ. ಅದನ್ನ ಹೇಳಾಕ ಬಂದೇನಿ."

ಶಂಕ್ರೆವ್ವ ಆಗ ನೆಟ್ಟಗೆ ನಿಂತು ಆಕೆಯನ್ನು ನೋಡಿದಳು. "ಇಲ್ಲಿ ಯಾರ ಅದಾರ್ರಿ ಕೇಳಾಕ? ಆಡ ಅದಾವ. ಅವತ್ತ ಮೂವತ್ತ ಮಂದಿ ಇದ್ರು."

ಅಷ್ಟು ಹೇಳಿ ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದಿಟ್ಟಳು. ಮಜ್ಜಿಗೆಗೆ ಉಪ್ಪು ಜೋರಾಗಿ ಬಿದ್ದಿತ್ತು. ಸೌಭಾಗ್ಯ ಬೇಡವೆಂಬಂತೆ ಕಣ್ಣು ಮಾಡಿದಳು. ಚಂದ್ರಾಬಾಯಿ ಸುಮ್ಮನೆ ಪೂರ್ತಿ ಕುಡಿದಳು.

ಚಂದ್ರಾಬಾಯಿ ಬೇಕೆಂದರೆ ಅದನ್ನು ಅಲ್ಲಿಗೇ ಬಿಡಬಹುದಿತ್ತು. ಹೋಗಿ ತಪ್ಪು ಒಪ್ಪಿದ್ದಾಯಿತು, ಅವಳು ಒಪ್ಪಲಿಲ್ಲ, ನನ್ನ ಕೆಲಸ ಮುಗಿಯಿತು ಎಂದು ಹೇಳಿಕೊಳ್ಳಬಹುದಿತ್ತು. ಎರಡು ದಿನ ಹಾಗೇ ಹೇಳಿಕೊಂಡು ನೋಡಿದಳು. ಆ ಮಾತು ಮನಸ್ಸಿಗೆ ಹತ್ತಲಿಲ್ಲ. ಬಿಜ್ಜರಗಿ ಉಪಕೇಂದ್ರದಲ್ಲಿ ಈಗ ಕಾವ್ಯಾ ಎಂಬ ಹುಡುಗಿ ನರ್ಸು. ಅವಳ ನಂಬರು ಹುಡುಕಿ ಫೋನು ಮಾಡಿ, ಗುರುವಾರ ಬಂದು ನಾಲ್ಕು ಮಾತು ಹೇಳಲೇ ಎಂದು ಕೇಳಿದಳು. ಹಳೆಯ ನರ್ಸಬಾಯಿ ಆರೋಗ್ಯದ ಬಗ್ಗೆ ಹೇಳುತ್ತಾರೆಂದು ಕಾವ್ಯಾ ಸಂತೋಷದಿಂದ ಒಪ್ಪಿದಳು.

ಆ ಗುರುವಾರ ಅಂಗಳದಲ್ಲಿ ಇಪ್ಪತ್ತು ಇಪ್ಪತ್ತೈದು ಹೆಂಗಸರಿದ್ದರು. ಹೊಸಬರೇ ಹೆಚ್ಚು, ಕೂಸುಗಳನ್ನು ಆಡಿಸಲು ಬಂದ ಹಳಬರು ಐದಾರು ಮಂದಿ. ಶಂಕ್ರೆವ್ವ ಬಂದಿರಲಿಲ್ಲ. ಚಂದ್ರಾಬಾಯಿ ಕುರ್ಚಿಯಲ್ಲಿ ಕೂತು ಮಾತು ತೆಗೆದಳು. ನುಗ್ಗೆಸೊಪ್ಪಿನ ಬಗ್ಗೆ ಹೇಳಿದಳು, ಕೆಂಪು ಗುಳಿಗೆಯ ಬಗ್ಗೆ ಹೇಳಿದಳು, ಊಟದ ಜೊತೆ ಚಹಾ ಕುಡಿಯಬೇಡಿ ಎಂದಳು. ನಾಲಗೆ ಹಳೆಯ ದಾರಿಯಲ್ಲಿ ಸಲೀಸಾಗಿ ಓಡಿತು. ಹತ್ತು ನಿಮಿಷ ಕಳೆದವು. "ಇಷ್ಟ ನೋಡ್ರಿ" ಎಂದು ಮುಗಿಸಿಯೂ ಬಿಟ್ಟಳು. ಕಾವ್ಯಾ ಚಪ್ಪಾಳೆಗೆ ಕೈ ಎತ್ತಿದಳು.

ಬಾಗಿಲಲ್ಲಿ ನಿಂತ ಸೌಭಾಗ್ಯ ನೆಲ ನೋಡುತ್ತಿದ್ದಳು.

"ಇನ್ನೊಂದೈತಿ" ಎಂದಳು ಚಂದ್ರಾಬಾಯಿ. ಕುರ್ಚಿ ಬಿಟ್ಟು ಎದ್ದು ನಿಂತಳು. ಹೇಳಿದಳು. ವಿಭೂತಿ, ಇಲಿಬೋನು, ಬೆಳ್ಳಗಾದ ಬಾಯಿ ಎಲ್ಲವನ್ನೂ ಹೇಳಿದಳು. ಮುಂದೆ ಕೂತಿದ್ದ ಒಬ್ಬಳು ಸೆರಗು ಬಾಯಿಗೆ ಹಿಡಿದಳು. ಮತ್ತೊಬ್ಬಳು ತಡೆಯಲಾರದೆ ನಕ್ಕಳು. ನಗು ಹಬ್ಬಿತು.

"ಇಪ್ಪತ್ತ ವರ್ಷದ ಹಿಂದ ಇಲ್ಲೇ ಒಬ್ಬ ಹೆಣ್ಣಮಗಳನ್ನ ಎಬ್ಬಿಸಿ ನಿಂದ್ರಿಸಿ ನಾ ಹೀಂಗ ನಗಿಸಿದ್ನಿ. ಆಕಿಗೆ ಇದ್ದದ್ದು ರೋಗ. ನಾ ಅದಕ್ಕ ಹಂದಿ ಅಂದ್ನಿ. ಆಕಿ ದವಾಖಾನಿ ಬಿಟ್ಟಳು. ಆಕಿ ಕೂಸು ಹೋತು. ಆಕಿ ತಪ್ಪಿಲ್ಲ. ತಪ್ಪು ನಂದು."

ಹಿಂದಿನ ಸಾಲಿನ ಮುದುಕಿಯೊಬ್ಬಳು ಪಕ್ಕದವಳಿಗೆ, "ಮಣ್ಣ ಶಂಕ್ರಿ ಸುದ್ದಿ ಹೇಳಾಕತ್ತಾರ" ಎಂದಳು. ಹೊಸಬರೆಲ್ಲ ಯಾರು ಯಾರು ಎಂದು ಹೊರಳಿ ನೋಡಿದರು. ಆ ಹೆಸರು ಗೊತ್ತಿಲ್ಲದವರಿಗೂ ಅದು ಗೊತ್ತಾಯಿತು. ಅಳಿಸಲು ಬಂದವಳು ಅದನ್ನು ಇನ್ನೊಮ್ಮೆ ಬರೆದ ಹಾಗಾಯಿತು.

"ಆಕಿ ಹೆಸರ ಶಂಕ್ರೆವ್ವ" ಎಂದಳು, ಹಳೆಯ ದನಿಯಲ್ಲಿ, ಓಣಿಯ ತುದಿಗೆ ಕೇಳುವ ಹಾಗೆ. "ಇನ್ನ ಆ ಹೆಸರ ಯಾರರೆ ಅಂದ್ರ ನನಗ ಅನ್ರಿ. ತಿಂದಾಕಿ ನಾನೂ ಅದೇನಿ."

"ಹಂಗಾದ್ರ ವಿಭೂತಿ ಬಾಯಾರು ಅನ್ನೂನೇನ್ರಿ?" ಎಂದಳು ನಗೆಗಾರ ಹೆಂಗಸೊಬ್ಬಳು. ಮತ್ತೆ ನಗು. ಚಂದ್ರಾಬಾಯಿ ಹೂಂ ಎಂದಳು.

ಕಾರ್ಯಕ್ರಮ ಮುಗಿದ ಮೇಲೆ ಕಾವ್ಯಾ ಸೌಭಾಗ್ಯಳನ್ನು ಪಕ್ಕಕ್ಕೆ ಕರೆದು, "ಮದ್ಲ ಹೇಳಬೇಕಿತ್ತಲ್ರಿ ಅಕ್ಕಾ, ನಗಚಾಟಕಿ ಆತು" ಎಂದಳು. ಅದರಲ್ಲೂ ನ್ಯಾಯವಿತ್ತು. ಚಂದ್ರಾಬಾಯಿ ಉಪಕೇಂದ್ರದ ಕಟ್ಟೆಯ ಮೇಲೆ ಕೂತು ದಮ್ಮು ಹಿಡಿಯುತ್ತಿದ್ದಾಗ ಕೂಸನ್ನು ಎತ್ತಿಕೊಂಡ ಒಬ್ಬಳು ಬಂದು ಪಕ್ಕದಲ್ಲಿ ನಿಂತಳು. ನಕ್ಕವರಲ್ಲಿ ಅವಳೂ ಇದ್ದಳು.

"ಬಾಯಾರ, ನಮ್ಮವ್ವನೂ ನಿಮ್ಮಂಗ ದಮ್ಮಿನಾಕಿ. ಹಾರ್ಟಿನ ಗುಳಿಗಿ ತಗೋತಾಳ. ಯಾವಾಗೂ ಮಲಗೇ ಇರ್ತಾಳ. ನಾವೆಲ್ಲಾ ಆಕಿಗಿ ಬೈತೀ‌ವಿ. ಆಕಿಗೂ ಇದ ಇರಬೌದೇನ್ರಿ?"

ಕೆಂಪು ಗುಳಿಗೆ ಕೊಡು ಎಂಬ ಮಾತು ಚಂದ್ರಾಬಾಯಿಯ ತುಟಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ನನಗ ಗೊತ್ತಿಲ್ಲವ್ವಾ" ಎಂದಳು. ಆ ಮಾತನ್ನು ಆಕೆ ಆ ಕಟ್ಟಡದಲ್ಲಿ ಅಂದದ್ದು ಅದೇ ಮೊದಲು. "ರಕ್ತ ತೋರಿಸಬೇಕಾಗ್ತೈತಿ. ಬರೇ ಹಿಮೋಗ್ಲೋಬಿನ್ ಅಲ್ಲ, ಫೆರಿಟಿನ್ ಅಂತ ಕೇಳು. ಬೈಬ್ಯಾಡ್ರಿ ಆಕಿಗಿ. ಕರಕೊಂಡ ಹೋಗ್ರಿ."

ಆಸ್ಪತ್ರೆಯ ವಿಳಾಸವನ್ನೂ ಡಾಕ್ಟರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಅವಳು ಚೀಟಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ಹೋದಳು. ಒಳಗೆ ಹೆಂಗಸರು ಇನ್ನೂ ನಗುತ್ತಿದ್ದರು. ತನ್ನ ಬಗ್ಗೆಯೋ ಬೇರೆ ಏನಕ್ಕೋ ಚಂದ್ರಾಬಾಯಿಗೆ ತಿಳಿಯಲಿಲ್ಲ. ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ, ಹಾಗೇನೂ ಆಗಲಿಲ್ಲ. ಈ ಸುದ್ದಿ ಊರ ಹೊರಗಿನ ಆ ಮನೆಗೆ ಸಂಜೆಯೊಳಗೆ ಮುಟ್ಟುತ್ತದೆ, ಯಾವ ರೂಪದಲ್ಲಿ ಮುಟ್ಟುತ್ತದೋ ತನ್ನ ಕೈಯಲ್ಲಿಲ್ಲ ಎಂದಷ್ಟೇ ಅನ್ನಿಸಿತು.

ಸೌಭಾಗ್ಯ ರಸ್ತೆಯಿಂದ ಕೂಗಿದಳು. "ಅತ್ಯಾರ, ತಿಕೋಟಾ ಗಾಡಿ ಬಂತು. ಸಾವಕಾಶ ಬರ್ರಿ, ನಿಂದ್ರಸ್ತೇನಿ."

ಚಂದ್ರಾಬಾಯಿ ಸೆರಗು ಸರಿ ಮಾಡಿಕೊಂಡು ಎದ್ದಳು. ರಸ್ತೆಯವರೆಗೆ ನೂರು ಹೆಜ್ಜೆ ಇದ್ದೀತು. ನಡುವೆ ಎಲ್ಲಿಯೂ ನಿಲ್ಲದೆ, ಯಾರ ಕಡೆಗೂ ನೋಡದೆ ನಡೆದಳು.